ಅರೆತಲೆನೋವಿನ ಮದ್ದು, ಅಬಕಾರಿಯ ಸರಕು

1893ರ ಮಾರ್ಚ್ 2. ಲಂಡನ್ನಿನ ಪಾರ್ಲಿಮೆಂಟಿನ ಕೆಳಮನೆಯಲ್ಲಿ ವಿಲಿಯಂ ಕೇನ್ ಎಂಬ ಸದಸ್ಯ ಇಂಡಿಯಾದ ಗಾಂಜಾ ಬಗ್ಗೆ ಪ್ರಶ್ನೆ ಎತ್ತಿದ. ಕೇನ್ ಮದ್ಯಪಾನದ ವಿರುದ್ಧ ಪಟ್ಟುಹಿಡಿದು ಹೋರಾಡಿದ ಮನುಷ್ಯ. ಗಾಂಜಾ ಸೇದಿ ಜನ ಹುಚ್ಚರಾಗುತ್ತಿದ್ದಾರೆ, ಸರ್ಕಾರ ಮಾತ್ರ ಅದರ ಸುಂಕ ಎಣಿಸಿಕೊಳ್ಳುತ್ತಿದೆ ಎಂಬುದು ಅವನಂಥವರ ದೂರು. ಬಂಗಾಳವೊಂದರ ಮಟ್ಟಿಗೆ ವಿಚಾರಣೆಯಾಗಲಿ ಎಂದು ಶುರುವಾದ ಮಾತು ಇಡೀ ಇಂಡಿಯಾಕ್ಕೆ ಹಬ್ಬಿತು. ಅದೇ ವರ್ಷದ ಜುಲೈನಲ್ಲಿ ಏಳು ಜನರ ಆಯೋಗ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ವಾರ್ಡನ್ ಒಬ್ಬ ಸದಸ್ಯ. ಮೂವರು ಭಾರತೀಯರೂ ಇದ್ದರು.

ಅದೇ ಲಂಡನ್ನಿನ ಕ್ವೀನ್ ಸ್ಕ್ವೇರಿನಲ್ಲಿ ನರರೋಗಗಳಿಗೆಂದೇ ಕಟ್ಟಿದ ಆಸ್ಪತ್ರೆ ಇತ್ತು. ಅಲ್ಲಿ ಹೆಸರು ಮಾಡಿದ್ದ ವಿಲಿಯಂ ಗವರ್ಸ್, ನರರೋಗಗಳ ಕುರಿತ ತನ್ನ ದೊಡ್ಡ ಗ್ರಂಥದಲ್ಲಿ ಮೈಗ್ರೇನಿಗೆ ಇಂಡಿಯಾದ ಗಾಂಜಾ ಸತ್ವವನ್ನು ಶಿಫಾರಸು ಮಾಡಿದ್ದ. ಪಾರ್ಲಿಮೆಂಟಿನಲ್ಲಿ ಆರೋಪಿಯಾಗಿ ನಿಂತ ಗಿಡವೇ ಆ ಊರಿನ ಔಷಧಿ ಅಂಗಡಿಗಳಲ್ಲಿ ಸೀಸೆಯೊಳಗೆ ಮಾರಾಟವಾಗುತ್ತಿತ್ತು. ಒಂದೇ ಗಿಡಕ್ಕೆ ಬಂದ ಈ ಎರಡು ಬಾಳನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯಿಂದ ನೋಡಿದರೆ ಕಥೆಗೆ ಬೇರೆಯೇ ಬಣ್ಣ ಬರುತ್ತದೆ.

ಇವತ್ತು ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕು ಕೇಂದ್ರಗಳು. ಕೊಟ್ಟೂರು ಕೂಡ್ಲಿಗಿಗೆ ಸೇರಿದ ಪೇಟೆ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ನೆಲ ಇದು. ಥಾಮಸ್ ಮನ್ರೋ ಕಲೆಕ್ಟರನಾಗಿ ಕಂದಾಯ ಕಟ್ಟಿದ ನೆಲ. ಕೆಂಪು ಮಣ್ಣು, ಕಲ್ಲು ಗುಡ್ಡ, ಕೈಕೊಡುವ ಮಳೆ. ಹಡಗಲಿಯ ಕಡೆ ತುಂಗಭದ್ರೆ ದಾಟಿದರೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ, ಉತ್ತರಕ್ಕೆ ನಿಜಾಮನ ಸೀಮೆ, ಹರಪನಹಳ್ಳಿಯಿಂದ ತೆಂಕಲಿಗೆ ಮೈಸೂರು ಸಂಸ್ಥಾನ. ಒಂದೇ ಭಾಷೆ, ಒಂದೇ ಜಾತ್ರೆ, ಕೊಟ್ಟು ತರುವ ಸಂಬಂಧ. ಆದರೆ ನಾಲ್ಕು ಸರ್ಕಾರ, ನಾಲ್ಕು ಅಬಕಾರಿ.

ಬಿಸಿಲಿಗೆ ಏಳುವ ತಲೆನೋವು ಈ ಭಾಗಕ್ಕೆ ಹೊಸದಲ್ಲ. ಹೊತ್ತು ಏರಿದಂತೆ ಏರಿ, ಹೊತ್ತು ಇಳಿದಂತೆ ಇಳಿಯುವ ನೋವಿಗೆ ಆಯುರ್ವೇದ ಸೂರ್ಯಾವರ್ತವೆಂದಿತು. ತಲೆಯ ಒಂದೇ ಪಾರ್ಶ್ವ ಸೀಳಿದಂತಾಗುವುದಕ್ಕೆ ಅರ್ಧಾವಭೇದಕ ಎಂದಿತು. ಜನರ ಬಾಯಲ್ಲಿ ಅದು ಅರೆತಲೆನೋವು. ಬಂದ ದಿನ ಬೆಳಕು ಸೇರದು, ಮಾತು ಸೇರದು, ಒಗ್ಗರಣೆ ವಾಸನೆಗೇ ವಾಂತಿ. ಹಣೆಗೆ ಶುಂಠಿ ತೇದು ಹಚ್ಚಿ, ತಲೆಗೆ ಬಟ್ಟೆ ಬಿಗಿದು ಕಟ್ಟಿ, ಕತ್ತಲೆ ಕೋಣೆಯಲ್ಲಿ ಮಲಗುವುದೇ ಬಹಳ ಮಂದಿ ಹೆಂಗಸರು ಕಂಡ ಚಿಕಿತ್ಸೆ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಅರೆತಲೆನೋವಿಗೆ ಗಾಂಜಾ ಕೊಡುವುದು ಚರಕ, ಸುಶ್ರುತರ ಕಾಲದ ವಿದ್ಯೆ ಎಂದು ಈಗ ಕೆಲವರು ಪ್ರಚಾರ ಮಾಡುತ್ತಾರೆ. ಆ ಗ್ರಂಥಗಳು ಈ ನೋವಿಗೆ ಹೇಳುವುದು ತುಪ್ಪ, ನಸ್ಯ, ಲೇಪಗಳನ್ನು. ಭಂಗಿ ಸೊಪ್ಪಿನ ಗುಣದೋಷ ವೈದ್ಯಗ್ರಂಥಗಳಲ್ಲಿ ಸ್ಪಷ್ಟವಾಗಿ ಕಾಣುವುದು ಶಾರ್ಙ್ಗಧರ ಸಂಹಿತೆ, ಭಾವಪ್ರಕಾಶಗಳಂಥ ನಂತರದ ಕೃತಿಗಳಲ್ಲಿ. ಅಲ್ಲೂ ಅದರ ಕೀರ್ತಿ ಹಸಿವು, ಜೀರ್ಣ, ನಿದ್ರೆ, ಮತ್ತುಗಳಿಗೆ ಸಂಬಂಧಿಸಿದ್ದು. ಗಾಂಜಾ ಮೈಗ್ರೇನಿನ ಮದ್ದಾಗಿ ಹೆಸರಾದದ್ದು 19ನೇ ಶತಮಾನದಲ್ಲಿ, ಕಲ್ಕತ್ತೆ ಮತ್ತು ಲಂಡನ್ನಿನ ನಡುವೆ.

ಆ ದಾರಿ ತೆರೆದವನು ವಿಲಿಯಂ ಬ್ರೂಕ್ ಓಶಾಗ್ನೆಸ್ಸಿ. ಐರ್ಲೆಂಡಿನ ಲಿಮರಿಕ್ಕಿನವನು; 1833ರಲ್ಲಿ ಕಂಪನಿಯ ವೈದ್ಯನಾಗಿ ಕಲ್ಕತ್ತೆಗೆ ಬಂದ. ಹೊಸ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಪೇಟೆಯಲ್ಲಿ ಸಿಗುವ ಗಾಂಜಾ, ಭಂಗಿ, ಚರಸ್‌ಗಳನ್ನು ಪರೀಕ್ಷೆಗೆ ಎತ್ತಿಕೊಂಡ. ಆತ ಮೆಚ್ಚುವಂಥವನಾಗುವುದು ಇಲ್ಲಿನವರನ್ನು ಕೇಳಿ ತಿಳಿದ ರೀತಿಯಿಂದ. ಸಂಸ್ಕೃತ ಗ್ರಂಥಗಳಿಗಾಗಿ ಪಂಡಿತ ಮಧುಸೂದನ ಗುಪ್ತರ ನೆರವು ಪಡೆದ. ಪರ್ಷಿಯನ್, ಅರಬ್ಬಿ ಪುಸ್ತಕ ಬಲ್ಲ ಹಕೀಮರನ್ನು ವಿಚಾರಿಸಿದ. ಅವರ ಹೆಸರುಗಳನ್ನು ತನ್ನ ಪ್ರಬಂಧದಲ್ಲಿ ಬರೆದ. ಮೊದಲು ನಾಯಿಗಳ ಮೇಲೆ, ಇತರ ಪ್ರಾಣಿಗಳ ಮೇಲೆ ಪ್ರಯೋಗ. ಆಮೇಲೆ ರೋಗಿಗಳು.

1838ರ ನವೆಂಬರ್ 6ರ ಮಧ್ಯಾಹ್ನ 2 ಗಂಟೆಗೆ ಕೀಲುವಾಯುವಿನಿಂದ ನರಳುತ್ತಿದ್ದ ಮೂವರಿಗೆ ಒಂದೊಂದು ಗ್ರೇನ್ ಗಾಂಜಾ ರಾಳವನ್ನು ಕರಗಿಸಿ ಕುಡಿಸಿದ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ನಾಲ್ಕು ಗಂಟೆಗೆ ಒಬ್ಬ ರೋಗಿ ವಿಪರೀತ ಮಾತಾಡತೊಡಗಿದ, ಹಾಡು ಹೇಳಿದ, ಇನ್ನಷ್ಟು ಊಟ ಕೊಡಿ ಎಂದು ಕೂಗಿದ, ನನಗೆ ಪೂರ್ತಿ ಗುಣವಾಯಿತು ಎಂದ. ಆರಕ್ಕೆ ನಿದ್ರೆ. ಎಂಟಕ್ಕೆ ಬಂದು ನೋಡಿದರೆ ಎಚ್ಚರವಿಲ್ಲ. ಅವನ ಕೈಯನ್ನು ಎತ್ತಿ ಯಾವ ಭಂಗಿಯಲ್ಲಿ ಬಿಟ್ಟರೂ ಅದು ಹಾಗೇ ಗಾಳಿಯಲ್ಲಿ ನಿಲ್ಲುತ್ತಿತ್ತು. ಓಶಾಗ್ನೆಸ್ಸಿ ಗಾಬರಿಯಾದ. ಕೆಲವು ಗಂಟೆಗಳಲ್ಲಿ ರೋಗಿ ಚೇತರಿಸಿಕೊಂಡ. ಆ ದಿನದಿಂದ ವೈದ್ಯನ ಕೈ ಪ್ರಮಾಣದ ವಿಷಯದಲ್ಲಿ ಬಿಗಿಯಾಯಿತು. ಮುಂದಿನ ನೂರು ವರ್ಷ ಈ ಔಷಧಿಯನ್ನು ಕಾಡಿದ್ದು ಅದೇ ಸಮಸ್ಯೆ: ಎಷ್ಟು ಕೊಡಬೇಕು ಎಂಬುದು.

ತಯಾರಿ ಸರಳವೇ. ಒಣಗಿದ ಹೂಗೊಂಚಲನ್ನು ಸ್ಪಿರಿಟ್ಟಿನಲ್ಲಿ ಕುದಿಸಿ, ರಾಳ ಕರಗಿದ ಮೇಲೆ ಸೋಸಿ, ಸ್ಪಿರಿಟ್ ಆವಿಯಾಗಿಸಿದರೆ ಕೊನೆಗೆ ಅಂಟಾದ ಸತ್ವ ಉಳಿಯುತ್ತದೆ. ಅದನ್ನು ಮತ್ತೆ ಸ್ಪಿರಿಟ್ಟಿಗೆ ಬೆರೆಸಿದರೆ ಟಿಂಚರ್. ಆದರೆ ಒಂದು ಕಡೆಯ ಗಾಂಜಾ ಇನ್ನೊಂದು ಕಡೆಯದರಂತಿರದು. ಹೊಸ ಬೆಳೆಯ ಬಲ ಹಳೆಯದಕ್ಕಿರದು. ನೀರಿನಲ್ಲಿ ಕರಗದ ವಸ್ತುವಾದ್ದರಿಂದ ಅಳತೆ ಕಟ್ಟುವುದೂ ಕಷ್ಟ.

1840ರ ದಶಕದ ಆರಂಭದಲ್ಲಿ ಓಶಾಗ್ನೆಸ್ಸಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಗಾಂಜಾವನ್ನು ಜೊತೆಗೆ ಒಯ್ದ. ಆಕ್ಸ್‌ಫರ್ಡ್ ಸ್ಟ್ರೀಟಿನ ಔಷಧಿ ತಯಾರಕ ಪೀಟರ್ ಸ್ಕ್ವೈರ್ ಅದರಿಂದ ಸತ್ವ ತೆಗೆದು ಮಾರಾಟಕ್ಕಿಟ್ಟ. 1843ರಲ್ಲಿ ಲಂಡನ್ನಿನ ವೈದ್ಯ ಜಾನ್ ಕ್ಲೆಂಡಿನಿಂಗ್ ತನ್ನ ರೋಗಿಗಳ ಅನುಭವ ಪ್ರಕಟಿಸಿದ. ಮೈಗ್ರೇನಿಗೆ ಗಾಂಜಾ ಬಳಸಿದ ಪಾಶ್ಚಾತ್ಯ ವೈದ್ಯರಲ್ಲಿ ಅವನದೇ ಮೊದಲ ಹೆಸರು. 1872ರಲ್ಲಿ ರಿಚರ್ಡ್ ಗ್ರೀನ್, ನೋವು ಬಂದಾಗ ಮಾತ್ರವಲ್ಲ, ಬಾರದಂತೆ ತಡೆಯಲು ದಿನವೂ ಅಲ್ಪ ಪ್ರಮಾಣದಲ್ಲಿ ಕೊಡಬಹುದು ಎಂದು ಬರೆದ. ಮೈಗ್ರೇನಿಗೆ ಇವತ್ತು ವೈದ್ಯರು ಕೊಡುವ ತಡೆಮಾತ್ರೆಗಳ ಹಿಂದಿನ ಯೋಚನೆಯೂ ಇದೇ.

ಇವರಲ್ಲಿ ಹೆಚ್ಚು ತೂಕದ ಸಾಕ್ಷಿ ಜಾನ್ ರಸೆಲ್ ರೆನಾಲ್ಡ್ಸ್‌ನದು. ಮೂವತ್ತು ವರ್ಷ ಈ ಔಷಧಿ ಕೊಟ್ಟ ಅನುಭವವನ್ನು 1890ರಲ್ಲಿ ಅವನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ. ನೋವು ತಲೆಹಾಕುವ ಸೂಚನೆ ಕಂಡ ಕೂಡಲೇ ಸತ್ವ ತೆಗೆದುಕೊಂಡು ಎಷ್ಟೋ ರೋಗಿಗಳು ವರ್ಷಗಟ್ಟಲೆ ಮೈಗ್ರೇನನ್ನು ದೂರ ಇಟ್ಟರು ಎಂದ. ಜೊತೆಗೇ ಎಚ್ಚರಿಕೆ: ಅತಿ ಕಡಿಮೆಯಿಂದ ಶುರುಮಾಡಿ, ನಿಧಾನವಾಗಿ ಏರಿಸಬೇಕು, ಒಂದೇ ಗುಣಮಟ್ಟದ ತಯಾರಿಕೆಯನ್ನೇ ಬಳಸಬೇಕು. ಈತ ವಿಕ್ಟೋರಿಯಾ ರಾಣಿಗೆ ಮುಟ್ಟಿನ ನೋವಿಗೆ ಗಾಂಜಾ ಕೊಡುತ್ತಿದ್ದ ಎಂಬ ಕಥೆ ಎಲ್ಲೆಲ್ಲೂ ಓಡಾಡುತ್ತದೆ. ಅದಕ್ಕೆ ದಾಖಲೆಯಿಲ್ಲ. 1878ರಲ್ಲಿ ಅವನು ಅರಮನೆಯ ವೈದ್ಯನಾದಾಗ ರಾಣಿಗೆ 59 ವರ್ಷ. ರೆನಾಲ್ಡ್ಸ್‌ನ ಬರಹಕ್ಕೆ ಇರುವ ಬೆಲೆ ಅರಮನೆಯಿಂದ ಬಂದದ್ದಲ್ಲ. ಮೂವತ್ತು ವರ್ಷ ರೋಗಿಗಳ ಪಕ್ಕ ಕೂತು ಟಿಪ್ಪಣಿ ಮಾಡಿದ ಶ್ರದ್ಧೆಯಿಂದ ಬಂದದ್ದು. 1892ರಲ್ಲಿ ವಿಲಿಯಂ ಆಸ್ಲರ್ ತನ್ನ ಪ್ರಸಿದ್ಧ ವೈದ್ಯಕೀಯ ಪಠ್ಯದಲ್ಲಿ, ಮೈಗ್ರೇನಿಗೆ ಇರುವ ಮದ್ದುಗಳಲ್ಲಿ ಬಹುಶಃ ಇದೇ ಹೆಚ್ಚು ತೃಪ್ತಿಕರ ಎಂಬ ಅಭಿಪ್ರಾಯ ಕೊಟ್ಟ. ಆ ಪುಸ್ತಕ ಓದದೆ ಇಂಗ್ಲಿಷ್ ಜಗತ್ತಿನಲ್ಲಿ ಡಾಕ್ಟರಾಗುವುದು ಆಗ ಅಪರೂಪ.

ಕಲಿತ ವಿದ್ಯೆ ಇತ್ತ ಮದ್ರಾಸಿಗೂ ವಾಪಸಾಯಿತು. 1868ರಲ್ಲಿ ಎಡ್ವರ್ಡ್ ವೇರಿಂಗ್ ಸಂಪಾದಿಸಿದ ಇಂಡಿಯಾದ ಔಷಧಕೋಶ ಪ್ರಕಟವಾದಾಗ ಗಾಂಜಾ ಅದರಲ್ಲಿ ಅಧಿಕೃತ ಔಷಧಿ. ಮರುವರ್ಷವೇ ಮದ್ರಾಸಿನ ವೈದ್ಯ ಮೊಹಿದೀನ್ ಷರೀಫ್ ಅದಕ್ಕೊಂದು ಪುರವಣಿ ಬರೆದರು. ಒಂದೊಂದು ಮದ್ದಿಗೂ ತಮಿಳು, ತೆಲುಗು, ಕನ್ನಡ, ದಖ್ಖನಿ ಮುಂತಾದ ಭಾಷೆಗಳ ಹೆಸರು ಹುಡುಕಿ ಕೂಡಿಸಿದ ದೊಡ್ಡ ದುಡಿಮೆ ಅದು. ಮದ್ರಾಸ್ ಪ್ರಾಂತದ ಯಾವ ತಾಲ್ಲೂಕಿನಲ್ಲಿ ಕೆಲಸ ಮಾಡುವ ವೈದ್ಯನಾದರೂ ಊರ ಅಂಗಡಿಯಲ್ಲಿ ಏನೆಂದು ಕೇಳಬೇಕು ಎಂಬುದಕ್ಕೆ ಆ ಪುಸ್ತಕ ನೆರವಾಯಿತು.

ಆದರೆ ಪಶ್ಚಿಮ ತಾಲ್ಲೂಕುಗಳ ಜನಸಾಮಾನ್ಯರಿಗೆ ಸರ್ಕಾರ ಗಾಂಜಾವನ್ನು ಪರಿಚಯಿಸಿದ್ದು ಅಬಕಾರಿಯ ಮೂಲಕ. 1886ರ ಮದ್ರಾಸ್ ಅಬಕಾರಿ ಕಾಯಿದೆ ಸೇಂದಿ, ಸಾರಾಯಿಗಳ ಜೊತೆಯಲ್ಲೇ ಇದನ್ನೂ ಮಾದಕ ವಸ್ತುವೆಂದು ಲೈಸೆನ್ಸಿನ ಕೆಳಗೆ ತಂದಿತು. ನದಿಯಾಚೆ ಧಾರವಾಡದಲ್ಲಿ ನಡೆಯುತ್ತಿದ್ದದ್ದು ಮುಂಬೈಯ 1878ರ ಕಾಯಿದೆ. ಇಲ್ಲಿನ ದರ, ಸುಂಕ ಅಲ್ಲಿಗಿಲ್ಲ. ಹೀಗೆ ಗಡಿಗಡಿಗೂ ಬದಲಾಗುವ ಕಾನೂನಿನ ಮಧ್ಯೆ ಗಾಂಜಾ ಆಯೋಗದ ವಿಚಾರಣೆ ಬಂತು.

ಆಯೋಗ ಕೆಲಸ ಮಾಡಿದ ಬಗೆ ಇವತ್ತಿನ ಅನೇಕ ಸಮಿತಿಗಳು ನೋಡಿ ಕಲಿಯಬೇಕಾದದ್ದು. 70 ಪ್ರಶ್ನೆಗಳ ಪಟ್ಟಿ ಪ್ರಾಂತಪ್ರಾಂತಗಳಿಗೆ ಹೋಯಿತು. ಯಾರು ಬೆಳೆಯುತ್ತಾರೆ, ಯಾರು ಸೇದುತ್ತಾರೆ, ಕುಡಿಯುತ್ತಾರೆ, ದೇವರ ಕಾರ್ಯದಲ್ಲಿ ಬಳಕೆ ಇದೆಯೇ, ದುಡಿಮೆಯ ದಣಿವಿಗೆ, ಚಳಿಜ್ವರಕ್ಕೆ ಉಪಯೋಗವೆನ್ನುತ್ತಾರೆಯೇ, ಪಂಡಿತರು ಮದ್ದಾಗಿ ಕೊಡುತ್ತಾರೆಯೇ, ದನಗಳಿಗೆ ಕೊಡುತ್ತಾರೆಯೇ. 1,193 ಸಾಕ್ಷಿಗಳ ಹೇಳಿಕೆ ಬಂತು. ಕಲೆಕ್ಟರರು, ಡಾಕ್ಟರರು, ಮಿಷನರಿಗಳಲ್ಲದೆ ನಾಟಿ ವೈದ್ಯರ ಮಾತನ್ನೂ ಬರೆದುಕೊಂಡರು. ಧಾರ್ಮಿಕ ಬಳಕೆಯ ಬಗ್ಗೆ ವಿವರವಾದ ಟಿಪ್ಪಣಿ ಕೊಟ್ಟವನು ಮುಂಬೈಯ ಜೆ. ಎಂ. ಕ್ಯಾಂಪ್‌ಬೆಲ್. ಧಾರವಾಡ, ಬೆಳಗಾವಿ, ಬಿಜಾಪುರ, ಕೆನರಾ ಗೆಜೆಟಿಯರುಗಳನ್ನು ಸಂಪಾದಿಸಿದ ಅದೇ ಕ್ಯಾಂಪ್‌ಬೆಲ್. ಕನ್ನಡ ಸೀಮೆಯ ಜಾತ್ರೆ, ಮಠ, ಕಟ್ಟಳೆಗಳ ವಿವರ ಅವನ ಕೈಹಾಯ್ದು ಹೋಗಿತ್ತು.

ಕೇನ್‌ನ ದೂರಿನ ತಿರುಳು ಹುಚ್ಚಾಸ್ಪತ್ರೆಗಳ ಲೆಕ್ಕ. ಆಯೋಗ ಅದನ್ನು ನಂಬಿ ಕೂರಲಿಲ್ಲ. 1892ರಲ್ಲಿ ದಾಖಲಾದ ರೋಗಿಗಳ ಕಾಗದಪತ್ರ ತರಿಸಿ ಒಂದೊಂದನ್ನೇ ಬಿಚ್ಚಿ ನೋಡಿತು. ಒಟ್ಟು 1,344 ಮಂದಿಯಲ್ಲಿ 222 ಮಂದಿಯ ಹುಚ್ಚಿಗೆ ಗಾಂಜಾ ಕಾರಣವೆಂದು ಬರೆದಿತ್ತು. ಬರೆದವರು ಯಾರು? ಬೀದಿಯಲ್ಲಿ ಅಲೆಯುವವನನ್ನು ಹಿಡಿದು ತಂದ ಪೊಲೀಸರು ತಮ್ಮ ನಮೂನೆಯಲ್ಲಿ ಕಾರಣದ ಕಾಲಂ ತುಂಬಬೇಕಿತ್ತು. ಗೊತ್ತಿಲ್ಲವೆಂದು ಬರೆದರೆ ಮೇಲಿನವರು ಕೇಳುತ್ತಾರೆ. ಗಾಂಜಾ ಎಂದು ಬರೆದರೆ ಕೇಳುವವರಿಲ್ಲ. ಆಸ್ಪತ್ರೆಯ ಗುಮಾಸ್ತ ಅದನ್ನೇ ನಕಲು ಮಾಡಿದ. ವರ್ಷದ ಕೊನೆಗೆ ಅದು ಸರ್ಕಾರದ ಅಂಕಿಸಂಖ್ಯೆಯಾಯಿತು. ಮನೆಯವರನ್ನು, ಊರವರನ್ನು ವಿಚಾರಿಸಿ ಜರಡಿ ಹಿಡಿದ ಮೇಲೆ 222 ಎನ್ನುವುದು 98ಕ್ಕೆ ಇಳಿಯಿತು. ಅದರಲ್ಲೂ ಬೇರೆ ಕಾರಣವಿಲ್ಲದವು 61.

1894ರಲ್ಲಿ ಬಂದ ಏಳು ಸಂಪುಟಗಳ ವರದಿ ಹೇಳಿದ್ದು ಇಷ್ಟು: ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು, ಪೂರ್ತಿ ನಿಷೇಧ ಅಗತ್ಯವೂ ಅಲ್ಲ, ವಿವೇಕವೂ ಅಲ್ಲ, ತೆರಿಗೆ, ಲೈಸೆನ್ಸುಗಳಿಂದ ಹದ್ದಿನಲ್ಲಿಡಿ. ಮದ್ರಾಸ್ ಸರ್ಕಾರ ಆಮೇಲೆ ಬೇಸಾಯವನ್ನು ಕೃಷ್ಣಾ ಜಿಲ್ಲೆಯ ಸಂತರಾವೂರು ಸುತ್ತಮುತ್ತ, ಉತ್ತರ ಆರ್ಕಾಟಿನ ಜವಾದಿ ಬೆಟ್ಟಗಳಂಥ ಕೆಲವೇ ಕಡೆಗೆ ಕಟ್ಟಿಹಾಕಿತು. ಹಿತ್ತಿಲ ಗಿಡ ಅಪರಾಧವಾಯಿತು, ಪರವಾನಗಿ ಅಂಗಡಿಯ ಪೊಟ್ಟಣ ಕಾನೂನುಬದ್ಧವಾಯಿತು. ನ್ಯಾಯವಾಗಿ ನಡೆದ ವಿಚಾರಣೆಯ ಫಲ ಕೊನೆಗೆ ಖಜಾನೆಗೆ ಹೋಯಿತೇ ಹೊರತು, ವೈದ್ಯರ ಸಾಕ್ಷ್ಯವನ್ನು ಮುಂದಿಟ್ಟುಕೊಂಡು ಔಷಧಿಯ ಸಂಶೋಧನೆಗೆ ಯಾರೂ ಕೈಹಾಕಲಿಲ್ಲ. ಈ ಇತಿಹಾಸದಲ್ಲಿ ನಿಜವಾಗಿ ನಷ್ಟವಾದದ್ದು ಇಲ್ಲಿ.

ಅಷ್ಟರಲ್ಲಿ ವೈದ್ಯಲೋಕವೂ ಬೇರೆ ಕಡೆ ಹೊರಳಿತ್ತು. ಚುಚ್ಚುಮದ್ದಿನ ಸಿರಿಂಜ್ ಬಂದ ಮೇಲೆ ನೀರಿನಲ್ಲಿ ಕರಗುವ ಮಾರ್ಫಿನ್ ಗೆದ್ದಿತು. ಕರಗದ ಗಾಂಜಾ ಸೋತಿತು. 1899ರಲ್ಲಿ ಆಸ್ಪಿರಿನ್ ಬಂತು: ಒಂದು ಮಾತ್ರೆ, ನಿಗದಿತ ತೂಕ, ಎಲ್ಲಿ ಕೊಂಡರೂ ಅದೇ ಬಲ. 1918ರಲ್ಲಿ ಆರ್ಥರ್ ಸ್ಟೋಲ್ ಬೇರ್ಪಡಿಸಿದ ಎರ್ಗೊಟಮೈನ್ ಮುಂದಿನ ದಶಕದಲ್ಲಿ ಮೈಗ್ರೇನಿನ ಮದ್ದಾಯಿತು. 1925ರ ಜಿನೀವಾ ಒಪ್ಪಂದ ಗಾಂಜಾವನ್ನು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ತಂದಿತು. 1932ರಲ್ಲಿ ಬ್ರಿಟಿಷ್ ಔಷಧಕೋಶದಿಂದ ಅದರ ಹೆಸರು ಹೋಯಿತು, ಹತ್ತು ವರ್ಷದೊಳಗೆ ಅಮೆರಿಕದ ಕೋಶದಿಂದಲೂ ಹೋಯಿತು. ಮೈಗ್ರೇನಿಗೆ ಅದು ನಾಟುವುದಿಲ್ಲವೆಂದು ಯಾರೂ ಪ್ರಯೋಗ ಮಾಡಿ ತೋರಿಸಿರಲಿಲ್ಲ.

ಕೂಡ್ಲಿಗಿ, ಹಡಗಲಿಗಳಲ್ಲಿ ಪರವಾನಗಿ ಅಂಗಡಿಯ ಕಾಲ ಮುಗಿದದ್ದು ಪಾನನಿಷೇಧದೊಂದಿಗೆ. ರಾಜಾಜಿ ಸರ್ಕಾರ 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರುಮಾಡಿದ ಮದ್ರಾಸ್ ಪಾನನಿಷೇಧ ಕಾಯಿದೆ ಮದ್ಯದ ಜೊತೆಗೆ ಮಾದಕ ವಸ್ತುಗಳನ್ನೂ ಒಳಗೊಂಡಿತ್ತು. ಯುದ್ಧದ ಮೇಲೆ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬುತ್ತ 1948ರ ಅಕ್ಟೋಬರ್ 2ರ ವೇಳೆಗೆ ಇಡೀ ಪ್ರಾಂತಕ್ಕೆ ಅನ್ವಯವಾಯಿತು. ಐದು ವರ್ಷಕ್ಕೆ, 1953ರ ಅಕ್ಟೋಬರ್ 1ರಂದು, ಈ ತಾಲ್ಲೂಕುಗಳು ಮೈಸೂರು ರಾಜ್ಯ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1961ರ ವಿಶ್ವಸಂಸ್ಥೆಯ ಒಪ್ಪಂದ ವೈದ್ಯಕೀಯವಲ್ಲದ ಬಳಕೆ ನಿಲ್ಲಿಸಲು 25 ವರ್ಷ ಗಡುವು ಕೊಟ್ಟಿತು. 1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯಿದೆ ಹೂಗೊಂಚಲು, ರಾಳಗಳನ್ನು ನಿಷೇಧಿಸಿತು. ಬರೀ ಎಲೆ, ಬೀಜಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಆಯುರ್ವೇದ ತಯಾರಕರು ಪರವಾನಗಿ ಪಡೆದು ಎಲೆಯ ಔಷಧಿ ಮಾಡುತ್ತಿರುವುದು ಈ ದಾರಿಯಿಂದಲೇ. ಆದರೆ ಜೋಳದ ಹೊಲದ ನಡುವೆ ನಾಲ್ಕು ಗಿಡ ಹಾಕಿಕೊಂಡವನಿಗೆ ಇದರಿಂದ ರಕ್ಷಣೆಯಿಲ್ಲ. ಗಾಂಜಾ ಬೇಸಾಯಕ್ಕೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಗಿಡದೊಳಗೆ ಕೆಲಸ ಮಾಡುವುದು ಏನೆಂದು ಗೊತ್ತಾದದ್ದು ಬಹಳ ತಡವಾಗಿ. ಇಸ್ರೇಲಿನ ರಾಫೇಲ್ ಮೆಕೌಲಂ 1964ರಲ್ಲಿ ಸಹೋದ್ಯೋಗಿಯೊಂದಿಗೆ ಟಿಎಚ್‌ಸಿ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅದಕ್ಕೆ ಒಂದು ವರ್ಷ ಮೊದಲು ಗಿಡದ ಇನ್ನೊಂದು ರಾಸಾಯನಿಕವಾದ ಸಿಬಿಡಿಯ ರಚನೆ ತಿಳಿಸಿದ್ದರು. ಮತ್ತು ತರುವುದು ಟಿಎಚ್‌ಸಿ, ಸಿಬಿಡಿ ತರುವುದಿಲ್ಲ. 1992ರಲ್ಲಿ ಅವರ ತಂಡ ಮಿದುಳೇ ತಯಾರಿಸುವ ಇಂಥದೇ ವಸ್ತುವೊಂದನ್ನು ಕಂಡು ಆನಂದಮೈಡ್ ಎಂದು ಹೆಸರಿಟ್ಟಿತು. ಮುಖ, ಹಣೆ, ಮಿದುಳಿನ ಹೊದಿಕೆಗಳಿಂದ ನೋವನ್ನು ಒಯ್ಯುವ ನರಜಾಲ ಮೈಗ್ರೇನಿನಲ್ಲಿ ಕೆರಳುತ್ತದೆ; ಈ ವಸ್ತುಗಳು ಕುಳಿತುಕೊಳ್ಳುವ ಗ್ರಾಹಕಗಳು ಆ ಹಾದಿಯಲ್ಲೂ ಇವೆ. ಗವರ್ಸ್, ರೆನಾಲ್ಡ್ಸ್‌ರ ಟಿಂಚರ್ ಏಕೆ ಕೆಲಸ ಮಾಡಿರಬಹುದು ಎಂಬುದಕ್ಕೆ ಇದು ವಿವರಣೆ. ರುಜುವಾತಿಗೆ ಪ್ರಯೋಗವೇ ಬೇಕು.

ಅಂಥ ಪ್ರಯೋಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊದಲ್ಲಿ ನಡೆದು 2024ರಲ್ಲಿ ಫಲಿತಾಂಶ ಹೊರಬಂತು. ನಥಾನಿಯಲ್ ಶುಸ್ಟರ್ ಅವರ ತಂಡ 92 ರೋಗಿಗಳ 247 ಮೈಗ್ರೇನ್ ದಾಳಿಗಳಿಗೆ ಆವಿಯ ರೂಪದಲ್ಲಿ ಮದ್ದು ಕೊಟ್ಟಿತು. ಟಿಎಚ್‌ಸಿ, ಸಿಬಿಡಿ ಎರಡೂ ಸೇರಿದ್ದನ್ನು ಎಳೆದುಕೊಂಡಾಗ ಎರಡು ಗಂಟೆಯೊಳಗೆ ಶೇ 67.2 ಸಂದರ್ಭಗಳಲ್ಲಿ ನೋವು ಇಳಿಯಿತು. ಮದ್ದಿಲ್ಲದ ಹುಸಿ ಆವಿಗೂ ಶೇ 46.6ರಲ್ಲಿ ಇಳಿಯಿತು. ನೋವು ಪೂರ್ತಿ ಹೋದದ್ದು ಶೇ 34.5ರಲ್ಲಿ, ಹುಸಿ ಮದ್ದಿಗೆ ಶೇ 15.5. ಸಿಬಿಡಿ ಒಂದನ್ನೇ ಕೊಟ್ಟಾಗ ಹುಸಿ ಮದ್ದಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಎಣ್ಣೆ ಸೀಸೆಯ ಮೇಲೆ ಸಿಬಿಡಿ ಎಂದು ದೊಡ್ಡದಾಗಿ ಬರೆದು ತಲೆನೋವಿಗೆ ಮಾರುವವರ ಮಾತಿಗೆ ಮರುಳಾಗುವ ಮೊದಲು ಈ ಅಂಕಿ ನೆನಪಿರಲಿ. ಪ್ರಯೋಗ ಸಣ್ಣದು. ಆದರೆ ಆಸ್ಲರ್‌ನ ಅಭಿಪ್ರಾಯಕ್ಕೆ ನೂರಮೂವತ್ತು ವರ್ಷಗಳ ಮೇಲೆ ಸಿಕ್ಕ ಅಳತೆಯ ಆಧಾರ.

2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ, ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ 27-25 ಮತಗಳಿಂದ ತೆಗೆದಾಗ ಭಾರತ ಪರವಾಗಿ ಮತ ಹಾಕಿತು. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆ ಔಷಧಿಗಾಗಿ ಗಾಂಜಾ ಬೆಳೆದು ಸಂಶೋಧನೆ ನಡೆಸುತ್ತಿದೆ. ಕರ್ನಾಟಕದಲ್ಲಿ ಮೈಗ್ರೇನ್ ಎಷ್ಟಿದೆ ಎಂಬುದಕ್ಕೂ ಲೆಕ್ಕವಿದೆ. ಬೆಂಗಳೂರು ನಗರ, ಗ್ರಾಮಾಂತರಗಳಲ್ಲಿ ನಿಮ್ಹಾನ್ಸ್ ವೈದ್ಯರು 18ರಿಂದ 65ರ ವಯಸ್ಸಿನ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರು ಶೇ 25.2. ಒಟ್ಟಾರೆ ತಲೆನೋವು ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು ಕಂಡಿತು. ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಇಂಥ ಸಮೀಕ್ಷೆ ನಡೆಸಿದರೆ, ಶೇಂಗಾ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿಯುವ ಹೆಂಗಸರ ನೋವು ಮೊದಲ ಬಾರಿಗೆ ಲೆಕ್ಕಕ್ಕೆ ಬಂದೀತು.

ನಿಮ್ಹಾನ್ಸ್ ಮತ್ತು ಐಸಿಎಂಆರ್ ಸೇರಿ ಅಳತೆಯಾದ ಟಿಎಚ್‌ಸಿ-ಸಿಬಿಡಿ ಔಷಧಿಯ ಪ್ರಯೋಗವನ್ನು ಇಲ್ಲಿನ ರೋಗಿಗಳ ಮೇಲೆ ನಡೆಸಬೇಕು. ಎನ್‌ಡಿಪಿಎಸ್ ಕಾಯಿದೆಯೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಬಾಗಿಲು ತೆರೆದಿಟ್ಟಿದೆ. ಅಲ್ಲಿಯವರೆಗೆ ಅರೆತಲೆನೋವಿನವರು ಯಾರೋ ಕೊಟ್ಟ ಸೊಪ್ಪು ಸೇದಿ ನೋಡುವುದು ಬೇಡ. ಅದರ ಬಲ ಎಷ್ಟೆಂದು 1838ರಲ್ಲಿ ಓಶಾಗ್ನೆಸ್ಸಿಗೆ ಗೊತ್ತಿರಲಿಲ್ಲ, ಇವತ್ತು ಮಾರುವವನಿಗೂ ಗೊತ್ತಿಲ್ಲ. ಎಳೆಯ ವಯಸ್ಸಿನವರಲ್ಲಿ ಮನೋರೋಗದ ಅಪಾಯ ನಿಜ. ದಿನವೂ ನೋವಿನ ಮಾತ್ರೆ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಹೆಚ್ಚುವುದೂ ಉಂಟು. ತಿಂಗಳಲ್ಲಿ ನಾಲ್ಕಾರು ದಿನ ತಲೆ ಹಿಡಿದು ಮಲಗುವವರು ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೈಗ್ರೇನ್ ಎಂದು ಹೇಳಿ ತೋರಿಸಿಕೊಳ್ಳಿ. ನೋವು ಬಾರದಂತೆ ತಡೆಯುವ ಪ್ರೊಪ್ರನೊಲಾಲ್, ಫ್ಲುನಾರಿಜಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ.